ಮಂಡಿಪೇಟೆಯ ಹಳೇ ಕಟ್ಟಡ: ಕೆಳಗೆ ಅಂಗಡಿ, ಮೇಲೆ ಮನೆ. ಎರಡನೇ ಮೆಟ್ಟಿಲು ಎಲ್ಲಿ ಕೊಡೋದು?

ಮಂಡಿಪೇಟೆ_ಮಾಳಿಗೆ:

ಎಲ್ಲರಿಗೂ ನಮಸ್ಕಾರ. ತುಮಕೂರಿನ ಮಂಡಿಪೇಟೆ ಹತ್ತಿರ ನಮ್ಮ ಕುಟುಂಬದ ಕಟ್ಟಡ ಇದೆ. ಹೇಗಿದ್ದರೂ ರಿಪೇರಿಗೆ ಕೈ ಹಾಕಿದ್ದೀವಿ, ಬೆಂಕಿ ಬಿದ್ದರೆ ಹೊರಗೆ ಬರೋ ದಾರಿಯನ್ನೂ ಇದರಲ್ಲೇ ಸರಿ ಮಾಡಿಸಬೇಕು ಅಂತಿದ್ದೀವಿ.

ಅಗಲ 24 ಅಡಿ, ಉದ್ದ 90 ಅಡಿ. ಎರಡೂ ಪಕ್ಕ ಅಕ್ಕಪಕ್ಕದವರ ಗೋಡೆಗೆ ಅಂಟಿದೆ. ಗ್ರೌಂಡ್ ಫ್ಲೋರ್ 12 ಅಡಿ ಎತ್ತರ, ಮೇಲಿನ ಎರಡು ಮಹಡಿ 11 ಅಡಿ. ಕೆಳಗೆ ಮುಂದುಗಡೆ ಎರಡು ದಿನಸಿ ಮಂಡಿ, ಹಿಂದೆ ಗೋಡೌನ್ (ಬೇಳೆ, ಕೊಬ್ಬರಿ, ಖಾಲಿ ಗೋಣಿಚೀಲ). ಮೊದಲನೇ ಮಹಡಿಯಲ್ಲಿ ಮುಂದೆ ಟ್ಯೂಷನ್ ಸೆಂಟರ್, ಸಂಜೆ 60 ಮಕ್ಕಳವರೆಗೆ ಇರ್ತಾರೆ. ಹಿಂದೆ ಆಡಿಟರ್ ಆಫೀಸು. ಎರಡನೇ ಮಹಡಿಯಲ್ಲಿ ಮುಂದೊಂದು, ಹಿಂದೊಂದು ಮನೆ.

ಮುಂದಿನ 60 ಅಡಿ ಆರ್‌ಸಿಸಿ. ಹಿಂದಿನ 30 ಅಡಿ ಮೂರೂ ಅಂತಸ್ತು ಹಳೇದು: ನಡುವೆ ಕಲ್ಲುಕಂಬ, ಮರದ ತೊಲೆ, ಮೇಲೆ ಕಲ್ಲುಚಪ್ಪಡಿ. ಕಟ್ಟಡದ ಮಧ್ಯೆ 6×8 ಅಡಿ ಗಾಳಿ-ಬೆಳಕಿನ ಓಟಿಎಸ್ (ಮೇಲೆ ಆಕಾಶಕ್ಕೆ ತೆರೆದ ಜಾಗ) ಇದೆ. ಇರೋ ಒಂದೇ ಮೆಟ್ಟಿಲು ಮುಂದುಗಡೆ ಎರಡು ಅಂಗಡಿಗಳ ನಡುವೆ, 3 ಅಡಿ ಅಗಲ. ಅದರ ಕೆಳಗೇ ಏಳು ಕರೆಂಟ್ ಮೀಟರ್, ಒಂದು ಇನ್ವರ್ಟರ್ ಬ್ಯಾಟರಿ. ಬಾಡಿಗೆಯವರು ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಗೆ ಹಾಕೋದೂ ಅಲ್ಲೇ. ಬೀದಿ ಕಡೆ ಕೊಲ್ಯಾಪ್ಸಿಬಲ್ ಗೇಟು, ರಾತ್ರಿ ಹತ್ತಕ್ಕೆ ಬೀಗ.

ಹಿಂದೆ ನಮ್ಮದೇ 4 ಅಡಿ ಖಾಲಿ ಜಾಗ, ಆಮೇಲೆ 5 ಅಡಿ ಸಂದಿ. ಸಂದಿಯ ಒಂದು ತುದಿ ಅಡ್ಡರಸ್ತೆಗೆ ಸೇರುತ್ತೆ, ಇನ್ನೊಂದು ತುದಿ ಗೋಡೆ. ಕಂಟ್ರಾಕ್ಟರ್ ಹೇಳೋದು, ಆ 4 ಅಡಿಯಲ್ಲಿ ಕಬ್ಬಿಣದ ಸುರುಳಿ ಮೆಟ್ಟಿಲು ಹಾಕಿದ್ರೆ ಮುಗೀತು ಅಂತ. ಸಾಕಾ? ಬಾಡಿಗೆಯವರನ್ನ ಖಾಲಿ ಮಾಡಿಸದೆ ಹಂತ ಹಂತವಾಗಿ ಕೆಲಸ ಮಾಡಬೇಕು, ಅದೂ ಇದೆ.

ಜಯಮಂಗಲಿ:

ಸುರುಳಿ ಮೆಟ್ಟಿಲು ಬೇಡ ಸರ್. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 4ನೇ ಭಾಗ ಅದಕ್ಕೆ ಒಪ್ಪಿಗೆ ಕೊಡೋದು ಕಡಿಮೆ ಜನ ಇರುವ, 9 ಮೀಟರ್ ಎತ್ತರದೊಳಗಿನ ಕಟ್ಟಡಕ್ಕೆ ಮಾತ್ರ. ವ್ಯಾಸವೂ 1.5 ಮೀಟರ್‌ಗೆ ಕಡಿಮೆ ಇರುವಂತಿಲ್ಲ. ನಿಮ್ಮದು 12+11+11, ಅಂದರೆ 34 ಅಡಿ, 10.4 ಮೀಟರ್. ಸಂಹಿತೆ ಪಕ್ಕಕ್ಕಿಟ್ಟರೂ, ಹೊಗೆಯಲ್ಲಿ ಮಗುವನ್ನು ಎತ್ತಿಕೊಂಡವರು ಒಳಸುತ್ತಿನ ನಾಲ್ಕಿಂಚಿನ ಹೆಜ್ಜೆ ಮೇಲೆ ಇಳಿಯೋದು ಆಗದ ಮಾತು. ಒಬ್ಬರು ಎಡವಿದರೆ ಹಿಂದಿನವರೆಲ್ಲ ನಿಂತುಬಿಡುತ್ತಾರೆ.

ಆದರೆ ಮೆಟ್ಟಿಲಿನ ನಮೂನೆ ಎರಡನೇ ಮಾತು. ಮೊದಲು ನೋಡಬೇಕಾದ್ದು, ಗೋಡೌನ್ ಅಥವಾ ಮೀಟರ್ ಬೋರ್ಡಿನ ಒಂದೇ ಬೆಂಕಿ ಎರಡೂ ದಾರಿಯನ್ನು ಒಟ್ಟಿಗೆ ಮುಚ್ಚಿಬಿಡುತ್ತದೆಯೇ ಅನ್ನೋದು. ಈಗಿನ ಸ್ಥಿತಿಯಲ್ಲಿ ಮುಚ್ಚುತ್ತದೆ. ಮುಂದಿನ ಮೆಟ್ಟಿಲ ಬುಡದಲ್ಲಿ ಮೀಟರ್, ಬ್ಯಾಟರಿ, ಸ್ಕೂಟರ್. ಹಿಂದೆ ಮೆಟ್ಟಿಲು ಬಂದರೂ ಅದರ ಪಕ್ಕದಲ್ಲಿ ಗೋಡೌನ್ ಕಿಟಕಿ. ನಡುವಿನ ಓಟಿಎಸ್ ಹೊಗೆಯನ್ನು ಎಲ್ಲ ಮಹಡಿಗೂ ಹಂಚುತ್ತದೆ.

ಲೆಕ್ಕ ಹೀಗೆ. ಒಂದು ಮಹಡಿ ಸುಮಾರು 200 ಚದರ ಮೀಟರ್. ಸಂಹಿತೆಯ ಪ್ರಕಾರ ರಸ್ತೆ ಮಟ್ಟದ ಅಂಗಡಿಗೆ 3 ಚ.ಮೀ.ಗೆ ಒಬ್ಬರು, ಮೇಲಿನ ಮಹಡಿಯ ಅಂಗಡಿಗೆ 6, ಗೋಡೌನ್‌ಗೆ 30, ಆಫೀಸಿಗೆ 10, ತರಗತಿಗೆ 4, ಮನೆಗೆ 12.5. ಟ್ಯೂಷನ್ ಜಾಗ 110 ಚ.ಮೀ. ಅಂದುಕೊಂಡರೆ ಪುಸ್ತಕದ ಲೆಕ್ಕಕ್ಕೆ 27 ಜನ ಬರುತ್ತಾರೆ. ನಿಜವಾಗಿ 60 ಮಕ್ಕಳಿದ್ದಾರೆ, ಹಾಗಾಗಿ 60 ಹಿಡಿಯಬೇಕು. ಆಫೀಸು ಸೇರಿಸಿ ಆ ಮಹಡಿಗೆ 65 ಜನ. ಮೆಟ್ಟಿಲಿಗೆ ಒಬ್ಬರಿಗೆ 10 ಮಿ.ಮೀ. ಅಗಲದಂತೆ 650 ಮಿ.ಮೀ. ಸಾಕು ಅನ್ನುತ್ತದೆ ಗುಣಾಕಾರ. ನಿಮ್ಮ 3 ಅಡಿ, ಅಂದರೆ 915 ಮಿ.ಮೀ., ಲೆಕ್ಕದಲ್ಲಿ ಪಾಸು. ಕನಿಷ್ಠ ಅಗಲದಲ್ಲಿ ಮಾತ್ರ ನಪಾಸು: ಬರೀ ವಾಸದ ಮನೆಗಳಿಗೇ 1 ಮೀಟರ್ ಬೇಕು, ತರಗತಿಗೆ ಮತ್ತು ಆಫೀಸು-ಅಂಗಡಿಗೆ 1.5 ಮೀಟರ್. ಜನ ಇಳಿಯುತ್ತಿರುವಾಗಲೇ ಅಗ್ನಿಶಾಮಕದವರು ಹೋಸ್ ಹಿಡಿದು ಎದುರು ಹತ್ತಬೇಕಾಗುತ್ತದೆ, 3 ಅಡಿಯಲ್ಲಿ ಅದು ಸಾಧ್ಯವಿಲ್ಲ.

ಕಟ್ಟಡದ ಕರ್ಣ ಸುಮಾರು 28 ಮೀಟರ್. ಎರಡು ನಿರ್ಗಮನಗಳ ಮಧ್ಯೆ ಅದರ ಅರ್ಧ, 14 ಮೀಟರ್, ಅಂತರ ಇರಬೇಕು. ಒಂದು ಮುಂದೆ, ಒಂದು ಹಿಂದೆ ಬಂದರೆ ಈ ಷರತ್ತು ತಾನಾಗಿ ಪೂರೈಸುತ್ತದೆ. ಯಾವುದೇ ಮೂಲೆಯಿಂದ ನಿರ್ಗಮನಕ್ಕೆ ನಡೆಯುವ ದಾರಿ 30 ಮೀಟರ್ ಮೀರಬಾರದು. ಕುರುಡು (ಒಂದೇ ತುದಿಯಲ್ಲಿ ದಾರಿ ಇರುವ) ಕಾರಿಡಾರ್ 15 ಮೀಟರ್ ಮೀರಬಾರದು, ಶಾಲೆ ಬಗೆಯ ಬಳಕೆಗೆ 6 ಮೀಟರ್ ಮಾತ್ರ. ಈಗ ನಿಮ್ಮ ಇಡೀ 27 ಮೀಟರ್ ಕುರುಡು.

ಇಂಥ ಕಟ್ಟಡಗಳಲ್ಲಿ ಪ್ಲಾನ್ ಕೆಡುವುದು ಬಹುತೇಕ ಒಂದೇ ಕಡೆ. ಹಿಂದೆ ಮೆಟ್ಟಿಲು ಕಟ್ಟುತ್ತಾರೆ, ಅಲ್ಲಿಗೆ ಹೋಗುವ ದಾರಿ ಆಡಿಟರ್ ಆಫೀಸಿನ ಒಳಗಿಂದ, ಹಿಂದಿನ ಮನೆಯ ಅಡುಗೆಮನೆಯಿಂದ ಹಾಯುತ್ತದೆ. ಸಂಜೆ ಏಳಕ್ಕೆ ಆಫೀಸಿಗೆ ಬೀಗ ಬಿದ್ದ ಮೇಲೆ 60 ಮಕ್ಕಳಿಗೆ ಹಿಂದಿನ ಮೆಟ್ಟಿಲು ಇದ್ದೂ ಇಲ್ಲ. ಬೇರೆಯವರ ಬೀಗದ ಹಿಂದೆ ಇರುವುದನ್ನು ನಿರ್ಗಮನ ಎಂದು ಲೆಕ್ಕ ಹಿಡಿಯಬೇಡಿ. ಎರಡೂ ಮಹಡಿಯಲ್ಲಿ ಮುಂದಿನ ಮೆಟ್ಟಿಲಿನಿಂದ ಹಿಂದಿನ ಮೆಟ್ಟಿಲಿನವರೆಗೆ ಒಂದು ಪಕ್ಕದ ಗೋಡೆ ಗುಂಟ ಸಾಮಾನ್ಯ ಕಾರಿಡಾರ್ ಬಿಡಿ, ಮೊದಲನೇ ಮಹಡಿಯಲ್ಲಿ 1.5 ಮೀಟರ್. ಆಫೀಸಿನಿಂದ ಸುಮಾರು 150 ಚದರ ಅಡಿ ಹೋಗುತ್ತದೆ. ಕಾರಿಡಾರಿನ ಗೋಡೆ ಪ್ಲೈವುಡ್, ಗಾಜಿನ ಪಾರ್ಟಿಷನ್ ಆಗಬಾರದು. ನಾಲ್ಕಿಂಚಿನ ಎಎಸಿ (ಗಾಳಿಗುಳ್ಳೆ ತುಂಬಿದ ಕಾಂಕ್ರೀಟ್) ಬ್ಲಾಕ್ ಹಗುರ, ಹಳೇ ಮಹಡಿಗೆ ಭಾರವೂ ಕಡಿಮೆ.

ಟ್ಯೂಷನ್ ಬಗ್ಗೆ ನನ್ನ ಸ್ಪಷ್ಟ ಅಭಿಪ್ರಾಯ: ಎರಡೂ ಮೆಟ್ಟಿಲು ಸಿದ್ಧವಾಗುವವರೆಗೆ 60 ಮಕ್ಕಳನ್ನು ಆ ಮಹಡಿಯಲ್ಲಿ ಕೂರಿಸಬೇಡಿ. ಆಮೇಲೂ ಆ ಕೋಣೆಗೆ ಹೊರಕ್ಕೆ ತೆರೆಯುವ, ತಲಾ 1 ಮೀಟರ್ ಅಗಲದ ಎರಡು ಬಾಗಿಲು ಬೇಕು.

ಸಿದ್ಧರಬೆಟ್ಟ:

ಜಯಮಂಗಲಿ ಅವರು ದಾರಿಯ ಮಾತು ಹೇಳಿದ್ದಾರೆ. ಕಟ್ಟಡ ಅದನ್ನು ಹೇಗೆ ತಡೆದುಕೊಳ್ಳುತ್ತೆ ಅನ್ನೋದು ನಾನು ಹೇಳ್ತೀನಿ.

ಹೊರಗಿನ ಮೆಟ್ಟಿಲಿಗೆ ನೇರ ಓಟ (ಎರಡು ಲ್ಯಾಂಡಿಂಗ್ ನಡುವಿನ ಮೆಟ್ಟಿಲ ಸಾಲು), 1.25 ಮೀ. ಅಗಲ, ಟ್ರೆಡ್ (ಹೆಜ್ಜೆ ಇಡೋ ಜಾಗ) 250 ಮಿ.ಮೀ., ರೈಸರ್ (ಒಂದು ಮೆಟ್ಟಿಲ ಎತ್ತರ) 190ಕ್ಕೆ ಮೀರದಂತೆ ಹಿಡಿಯಿರಿ. 12 ಅಡಿ ಎತ್ತರಕ್ಕೆ 20 ರೈಸರ್, ತಲಾ 183 ಮಿ.ಮೀ., ಹತ್ತು ಹತ್ತರ ಎರಡು ಓಟ. 11 ಅಡಿಗೆ 18 ರೈಸರ್, ತಲಾ 186, ಒಂಬತ್ತರ ಎರಡು ಓಟ. ಉದ್ದ ಓಟದಲ್ಲಿ 9 ಟ್ರೆಡ್, 2.25 ಮೀ.; ಎರಡೂ ತುದಿಗೆ 1.25 ಮೀ. ಲ್ಯಾಂಡಿಂಗ್ ಸೇರಿಸಿದರೆ 4.75 ಮೀ. ಅಗಲ ಎರಡು ಓಟ ಮತ್ತು ನಡುವಿನ 10 ಸೆಂ.ಮೀ. ಬಿಟ್ಟು 2.6 ಮೀ. ಅಂದರೆ 4.75×2.6 ಮೀಟರ್ ಜಾಗ, ಮಹಡಿಗೆ ಸುಮಾರು 133 ಚದರ ಅಡಿ. ನಿಮ್ಮ ಹಿಂದಿನ 4 ಅಡಿಯಲ್ಲಿ ಇದು ಕೂರಲ್ಲ. ಆ 4 ಅಡಿ ನೆಲಕ್ಕೆ ಇಳಿದವರು ಸಂದಿಗೆ ತಿರುಗೋಕೆ ಹಾಗೇ ಖಾಲಿ ಇರಲಿ.

ಸಮಾಧಾನದ ವಿಷಯ ಅಂದರೆ ನಿಮ್ಮ ಹಳೇ ಭಾಗದ ಕಟ್ಟೋಣವೇ ಇದಕ್ಕೆ ಒದಗಿಬರುತ್ತೆ. ಕಲ್ಲುಚಪ್ಪಡಿ ಸಾಮಾನ್ಯವಾಗಿ 7-8 ಅಡಿ ಉದ್ದ, ಒಂದು ತೊಲೆಯಿಂದ ಇನ್ನೊಂದಕ್ಕೆ ಸುಮ್ಮನೆ ಕೂತಿರುತ್ತೆ. ಹಿಂದಿನ ಗೋಡೆಗೂ ಕೊನೇ ತೊಲೆಗೂ ನಡುವಿನ ಒಂದು ಅಂಕಣ ಪೂರ್ತಿ ತೆಗೆದರೆ ಹೆಚ್ಚೂಕಡಿಮೆ ಬೇಕಾದ 2.6 ಮೀ. ಸಿಕ್ಕಿಬಿಡುತ್ತೆ. ಚಪ್ಪಡಿಯನ್ನ ಮಧ್ಯೆ ಕೊಯ್ದು ಕಿಂಡಿ ಮಾಡೋಕೆ ಯಾರನ್ನೂ ಬಿಡಬೇಡಿ. ಕಲ್ಲಿನ ಒಳಗೆ ಕಂಬಿ ಇರಲ್ಲ, ಕೊಯ್ದ ತುಂಡು ಯಾವ ಸೂಚನೆಯೂ ಇಲ್ಲದೆ ಬೀಳುತ್ತೆ. ತೆಗೆದರೆ ಇಡೀ ಚಪ್ಪಡಿ ತೆಗೀಬೇಕು. 8 ಅಡಿ ಉದ್ದ, 2 ಅಡಿ ಅಗಲ, 4 ಇಂಚು ದಪ್ಪದ ಒಂದು ಚಪ್ಪಡಿ ಸುಮಾರು 400 ಕೆಜಿ ಬರುತ್ತೆ, ಹಾಗಾಗಿ ಹಾರೆ ಹಾಕಿ ಜಾರಿಸೋ ಕೆಲಸ ಅಲ್ಲ. ಟ್ರೈಪಾಡ್, ಚೈನ್ ಪುಲ್ಲಿ ಕಟ್ಟಿ ಒಂದೊಂದೇ ಇಳಿಸಬೇಕು, ಮೇಲಿಂದ ಕೆಳಕ್ಕೆ.

ಚಪ್ಪಡಿ ತೆಗೆದ ತಕ್ಷಣ ಹಿಂದಿನ ಗೋಡೆಗೆ ಮತ್ತು ಆ ಅಂಕಣದ ಎರಡೂ ಪಕ್ಕದ ಗೋಡೆಗೆ ಅಡ್ಡ ಆಸರೆ ಹೋಗುತ್ತೆ. ಅದಕ್ಕೇ ಹಿಂದಿನ ಗೋಡೆಯನ್ನೂ ಅದೇ ಸರದಿಯಲ್ಲಿ ಇಳಿಸಬೇಕು. ಪಕ್ಕದ ಗೋಡೆಗಳ ಮಧ್ಯೆ ಪ್ರತಿ ಮಹಡಿ ಮಟ್ಟದಲ್ಲಿ ಟೈ ಬೀಮ್ ಕೊಡಬೇಕು. ಕೊನೇ ತೊಲೆ ಗುಂಟ 9 ಇಂಚಿನ ಇಟ್ಟಿಗೆ ಗೋಡೆ ಹೊಸದಾಗಿ ಏಳಬೇಕು, ಇದೇ ಇನ್ನು ನಿಮ್ಮ ಹಿಂಗೋಡೆ, ಎರಡು ಗಂಟೆ ಬೆಂಕಿಗೆ ಧಾರಾಳವಾಗಿ ತಡೆಯುತ್ತೆ. ಮೆಟ್ಟಿಲಿನ ಭಾರ ಪಕ್ಕದವರ ಗೋಡೆ ಮೇಲೆ ಹಾಕಬೇಡಿ, ನಾಲ್ಕು ಸ್ವಂತ ಕಂಬ ಕೊಡಿ. ಹಳೇ ಸೈಜುಗಲ್ಲಿನ ಪಾಯ ಆಳ ಇರಲ್ಲ. ಅದರ ತಳಕ್ಕಿಂತ ಕೆಳಗೆ ಅದರ ಪಕ್ಕದಲ್ಲೇ ಗುಂಡಿ ತೋಡಿದರೆ ಪಕ್ಕದವರ ಗೋಡೆ ಬಿರುಕು ಬಿಡುತ್ತೆ. ಮಳೆಗೆ ಈಗ ಮೈಯೊಡ್ಡುವ ಪಕ್ಕದ ಗೋಡೆಗಳಿಗೆ ವಾಟರ್‌ಪ್ರೂಫ್ ಪ್ಲಾಸ್ಟರ್ ಮರೀಬೇಡಿ, ಜಗಳ ಶುರುವಾಗೋದು ಅಲ್ಲಿಂದಲೇ.

ಕಬ್ಬಿಣವೋ ಆರ್‌ಸಿಸಿಯೋ? ಬೇಗ ಆಗೋದು ಕಬ್ಬಿಣ. ಮೆಟ್ಟಿಲು ಹೊರೋ ಓರೆ ತೊಲೆಗೆ, ಅಂದರೆ ಸ್ಟ್ರಿಂಜರ್‌ಗೆ 200 ಮಿ.ಮೀ. ಚಾನೆಲ್, 6 ಮಿ.ಮೀ. ಚೆಕರ್ಡ್ ಪ್ಲೇಟ್ ಇಂದ ಶುರು ಮಾಡಿ, ಚದರ ಮೀಟರ್‌ಗೆ 500 ಕೆಜಿ ಹಿಡಿದು ಇಂಜಿನಿಯರ್ ಕೈಲಿ ಲೆಕ್ಕ ಮಾಡಿಸಿ. ಆದರೆ 550 ಡಿಗ್ರಿ ಆಸುಪಾಸಿನಲ್ಲಿ ಉಕ್ಕು ಅರ್ಧ ಬಲ ಕಳಕೊಳ್ಳುತ್ತೆ, ಪಕ್ಕದಲ್ಲೇ ಕೊಬ್ಬರಿ ಗೋಡೌನ್ ಇದೆ. ಸಂದಿಯಲ್ಲಿ ಕಾಂಕ್ರೀಟ್ ಸಾಗಿಸೋಕೆ ಆಗುತ್ತೆ ಅಂದ್ರೆ ನನ್ನ ಆಯ್ಕೆ ಆರ್‌ಸಿಸಿ.

ಇನ್ನೊಂದು ಮುಖ್ಯ ಮಾತು ಗೋಡೌನ್ ಮೇಲಿನ ಚಪ್ಪಡಿ ಬಗ್ಗೆ. ಕಲ್ಲು ಉರಿಯಲ್ಲ, ಹಾಗಾಗಿ ಭಯ ಇಲ್ಲ ಅಂತ ಎಲ್ಲರೂ ಅಂದುಕೊಳ್ತಾರೆ. ಗ್ರಾನೈಟ್‌ನಲ್ಲಿರೋ ಕ್ವಾರ್ಟ್ಜ್ 573 ಡಿಗ್ರಿಯಲ್ಲಿ ಸಟ್ಟನೆ ಹಿಗ್ಗುತ್ತೆ. ಕೆಳಮೈ ಬಿಸಿ, ಮೇಲ್ಮೈ ತಣ್ಣಗೆ, ಆಗ ಚಪ್ಪಡಿ ಅಡ್ಡಲಾಗಿ ಬಿರಿದು ಬೀಳುತ್ತೆ. ಮೇಲಿಂದ ನೀರು ಬಿದ್ದರೆ ಇನ್ನೂ ಬೇಗ. ಮರದ ತೊಲೆ ನಿಮಿಷಕ್ಕೆ ಸುಮಾರು 0.6-0.8 ಮಿ.ಮೀ. ಕರಿಕಟ್ಟುತ್ತಾ ಹೋಗುತ್ತೆ, ದಪ್ಪ ತೊಲೆ ಆದರೆ ಕಲ್ಲಿಗಿಂತ ಹೆಚ್ಚು ಹೊತ್ತು ನಿಂತರೂ ಆಶ್ಚರ್ಯ ಇಲ್ಲ. ದುಡ್ಡು ಇದ್ದರೆ ಗೋಡೌನ್ ಮೇಲೆ 125 ಮಿ.ಮೀ. ಆರ್‌ಸಿಸಿ ಸ್ಲ್ಯಾಬ್ ಹಾಕಿ. ಎರಡು ತುದಿ ಮಾತ್ರ ಆತುಕೊಂಡ ಸ್ಲ್ಯಾಬಿಗೆ ಎರಡು ಗಂಟೆ ಲೆಕ್ಕಕ್ಕೆ ಕವರ್ (ಕಂಬಿ ಕೆಳಗಿನ ಕಾಂಕ್ರೀಟ್ ದಪ್ಪ) 35 ಮಿ.ಮೀ. ಬೇಕು. ಈಗ ಆಗಲ್ಲ ಅಂದ್ರೆ ತೊಲೆ ಸಮೇತ ಕೆಳಗಿಂದ ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡಿನ ಎರಡು ಗಂಟೆ ಟೆಸ್ಟ್ ಆಗಿರೋ ಸೀಲಿಂಗ್ ಕೊಡಿ. ಮಾಮೂಲಿ ಪಿಒಪಿ ಫಾಲ್ಸ್ ಸೀಲಿಂಗ್ ಅದಕ್ಕೆ ಬದಲಿ ಅಲ್ಲ.

ಮಂಡಿಪೇಟೆ_ಮಾಳಿಗೆ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಇಬ್ಬರಿಗೂ ತುಂಬಾ ಧನ್ಯವಾದ. ಮಹಡಿಗೆ 133 ಅಡಿ, ಮೇಲೆ ಕಾರಿಡಾರ್ 150 ಅಡಿ ಅಂದ್ರೆ ಮನೆಯಲ್ಲಿ ಚಿಕ್ಕಪ್ಪನವರು ಒಪ್ಪೋದು ಕಷ್ಟ. ಎರಡನೇ ಮೆಟ್ಟಿಲನ್ನ ಓಟಿಎಸ್ ಜಾಗದಲ್ಲೇ ಇಳಿಸಬಹುದಾ? ಸಂದಿಯಲ್ಲಿ ಹಿಂದಿನ ಅಂಗಡಿಯವರು ಖಾಲಿ ಚೀಲ ಒಟ್ಟಿರ್ತಾರೆ, ಅದಕ್ಕೇನು ಮಾಡೋದು? ಇನ್ನೊಂದು, 15 ಮೀಟರ್ ಒಳಗಿನ ಕಟ್ಟಡಕ್ಕೆ ಇದೆಲ್ಲ ಕಡ್ಡಾಯ ಅಲ್ಲ ಅಂತ ಒಬ್ಬರು ಹೇಳಿದ್ರು.

ಜಯಮಂಗಲಿ:

ಓಟಿಎಸ್‌ನಲ್ಲಿ ಬೇಡ. 6×8 ಅಡಿಯಲ್ಲಿ ಸರಿಯಾದ ಮೆಟ್ಟಿಲು ಹಿಡಿಯೋದಿಲ್ಲ, ಅದಕ್ಕಿಂತ ದೊಡ್ಡ ಕಾರಣ ಅದು ಕಟ್ಟಡದ ಹೊಗೆ ಕೊಳವೆ. ಗೋಡೌನ್ ಕಿಟಕಿ ಅದರೊಳಕ್ಕೆ ತೆರೆದಿದ್ದರೆ ಕೆಳಗಿನ ಬೆಂಕಿ ನಿಮಿಷಗಳಲ್ಲಿ ಎರಡನೇ ಮಹಡಿಯ ಬಚ್ಚಲಮನೆ ಕಿಟಕಿಯಿಂದ ಒಳಗೆ ಬರುತ್ತದೆ. ಗ್ರೌಂಡ್ ಫ್ಲೋರಿನಲ್ಲಿ ಆ ಕಡೆಗಿನ ಕಿಟಕಿ-ಬಾಗಿಲುಗಳನ್ನು ಇಟ್ಟಿಗೆಯಲ್ಲಿ ಮುಚ್ಚಿ. ಮೇಲ್ಭಾಗ ಆಕಾಶಕ್ಕೆ ತೆರೆದೇ ಇರಲಿ, ಮಳೆಗೆಂದು ಫೈಬರ್ ಶೀಟ್ ಹೊದಿಸಿದ್ದರೆ ತೆಗೆಸಿ. ತಳದಲ್ಲಿ ರಟ್ಟು, ಹಳೇ ಸಾಮಾನು ಏನೂ ಇರಬಾರದು. ಕಾರಿಡಾರ್ ಓಟಿಎಸ್ ಪಕ್ಕ ಹಾಯುವ ಕಡೆ ಗೋಡೆ ಗಟ್ಟಿ ಇರಲಿ, ಜಾಲಿ ಬೇಡ. ಹಾಗೆಯೇ ಮಂಡಿಯೊಳಗಿಂದ ಅಟ್ಟಕ್ಕೆ, ಅಟ್ಟದಿಂದ ಮೇಲಿನ ಮಹಡಿಗೆ ಮರದ ಏಣಿ ಹಾಕಿದ ಹಳೇ ಕಿಂಡಿ ಇದೆಯಾ ನೋಡಿ. ಮಂಡಿ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಹಲಗೆ ಮುಚ್ಚಿರುತ್ತಾರೆ. ಅಲ್ಲಿಗೆ ಕಾಂಕ್ರೀಟೇ ಆಗಬೇಕು.

ಕಡ್ಡಾಯದ ಮಾತು: ಸಂಹಿತೆಯಲ್ಲಿ 15 ಮೀಟರ್ ಮತ್ತು ಮೇಲಿನದು ಬಹುಮಹಡಿ, ಅದಕ್ಕೆ ಹೆಚ್ಚುವರಿ ನಿಯಮಗಳಿವೆ, ನಿಜ. ನಿರ್ಗಮನದ ಅಗಲ, ನಡೆಯುವ ದೂರ, ಬಾಗಿಲಿನ ನಿಯಮಗಳು ಚಿಕ್ಕ ಕಟ್ಟಡಕ್ಕೂ ಇವೆ. ಜೊತೆಗೆ ನಿಮ್ಮದು ಮಿಶ್ರ ಬಳಕೆ. ಅಪಾಯ ಹೆಚ್ಚಿರುವ ಬಳಕೆಯನ್ನು ಎರಡು ಗಂಟೆ ತಡೆಯುವ ಗೋಡೆಯಿಂದ ಬೇರ್ಪಡಿಸದಿದ್ದರೆ ಇಡೀ ಕಟ್ಟಡ ಆ ಹೆಚ್ಚಿನ ಅಪಾಯದ ನಿಯಮಕ್ಕೆ ಒಳಪಡುತ್ತದೆ. ಗೋಡೌನ್ ಬೇರ್ಪಟ್ಟರೆ ಮೇಲಿನವರ ಲೆಕ್ಕ ಹಗುರವಾಗುತ್ತದೆ, ಚಿಕ್ಕಪ್ಪನವರಿಗೆ ಈ ಲಾಭ ತೋರಿಸಿ. ಗೋಡೆ-ಚಪ್ಪಡಿ ಬದಲಿಸಲು ಪಾಲಿಕೆಯ ಮಂಜೂರಾತಿ ಬೇಕೇ ಬೇಕು. ನಕ್ಷೆ ಕೊಡುವ ಮೊದಲೇ ಅದನ್ನು ಹಿಡಿದು ಅಗ್ನಿಶಾಮಕ ಠಾಣೆಗೆ ಹೋಗಿ ತೋರಿಸಿಬನ್ನಿ. ಅವರ ವಾಹನ ಯಾವ ಕಡೆ ನಿಲ್ಲಬಲ್ಲದು ಅನ್ನೋದು ಅವರಿಗೇ ಚೆನ್ನಾಗಿ ಗೊತ್ತು.

ಸಂದಿ ವಿಷಯ ಸಣ್ಣದಲ್ಲ. ಮೆಟ್ಟಿಲು ಮುಗಿಯುವುದು ನೆಲದ ಮೇಲಲ್ಲ, ರಸ್ತೆಯಲ್ಲಿ. ಸಂದಿ ಪಾಲಿಕೆಯದೋ ಖಾಸಗಿಯೋ ದಾಖಲೆ ತೆಗೆಸಿ. ಪಾಲಿಕೆಯದಾದರೆ ತೆರವಿಗೆ ಬರಹದಲ್ಲಿ ಅರ್ಜಿ ಕೊಡಿ. ಖಾಸಗಿಯಾದರೆ ದಾರಿಹಕ್ಕನ್ನು ನೋಂದಾಯಿಸಿಕೊಳ್ಳಿ, ಬಾಯಿಮಾತಿನ ಒಪ್ಪಿಗೆ ಮುಂದಿನ ಮಾಲೀಕರ ಕಾಲಕ್ಕೆ ನಿಲ್ಲುವುದಿಲ್ಲ. ಎರಡೂ ಆಗದಿದ್ದರೆ ಹಿಂದಿನ ಮೆಟ್ಟಿಲಿನಿಂದ ಮುಂದಿನ ಬೀದಿಯವರೆಗೆ ಗ್ರೌಂಡ್ ಫ್ಲೋರಿನಲ್ಲಿ ಒಂದು ಪಕ್ಕದ ಗೋಡೆ ಗುಂಟ 1.25 ಮೀಟರ್ ಮುಚ್ಚಿದ ಓಣಿ ಬಿಡಬೇಕಾಗುತ್ತದೆ: ಎರಡು ಗಂಟೆಯ ಗೋಡೆ, ಆರ್‌ಸಿಸಿ ಮಾಳಿಗೆ, ಅಂಗಡಿ-ಗೋಡೌನ್‌ನಿಂದ ಅದಕ್ಕೆ ಒಂದು ಬಾಗಿಲೂ ಇರಕೂಡದು. ಅದು ಹೆಚ್ಚು ಜಾಗ ತಿನ್ನುತ್ತದೆ, ಆದ್ದರಿಂದ ಮೊದಲು ಸಂದಿಯನ್ನೇ ಗಟ್ಟಿ ಮಾಡಿಕೊಳ್ಳಿ. ಪಕ್ಕದ ಮನೆಯ ತಾರಸಿಗೆ ದಾಟುವುದನ್ನು ನಿರ್ಗಮನ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ನಂದಿ_ತಪ್ಪಲು:

ಬಾಗಿಲಿನ ಬಗ್ಗೆ ಯಾರೂ ಪೂರ್ತಿ ಹೇಳಿಲ್ಲ, ಆದರೆ ಕೆಲಸ ಕೆಡೋದೇ ಅಲ್ಲಿ.

ಬೀದಿ ಬದಿಯ ಕೊಲ್ಯಾಪ್ಸಿಬಲ್ ಗೇಟನ್ನ ಮೊದಲು ತೆಗೆಸಿ ಸ್ವಾಮಿ. ನಿರ್ಗಮನದ ಬಾಗಿಲು ಒಳಗಡೆಯಿಂದ ಕೀಲಿ ಇಲ್ಲದೆ ತೆರೆಯಬೇಕು, ಜಾರುವ ಬಾಗಿಲಾಗಲಿ ರೋಲಿಂಗ್ ಶಟರ್ ಆಗಲಿ ಆಗಕೂಡದು. ಕಳ್ಳರ ಭಯಕ್ಕೆ ಉಪಾಯ ಇದೆ: ಕೀಲಿನ ಮೇಲೆ ಹೊರಕ್ಕೆ ತೆರೆಯೋ ಉಕ್ಕಿನ ಬಾಗಿಲು, ಹೊರಗಡೆ ಕೀಲಿ, ಒಳಗಡೆ ತಿರುಗಿಸೋ ಹಿಡಿ. ಗ್ರಿಲ್ ಬಾಗಿಲಾದರೆ ಹಿಡಿಯ ಸುತ್ತ ಎರಡು ಅಡಿ ಶೀಟ್ ಹೊಡೆಸಿ, ಹೊರಗಿನಿಂದ ಕೈ ತೂರಿಸೋಕೆ ಆಗಲ್ಲ. ನಿಮ್ಮ ಕಡೆ ಬಾಗಿಲ ಮುಂದೇ ಚರಂಡಿ, ರಸ್ತೆ ಇರುತ್ತೆ. ಬಾಗಿಲು ರಸ್ತೆಗೆ ಚಾಚದ ಹಾಗೆ ಒಂದು ಮೀಟರ್ ಒಳಕ್ಕೆ ಸರಿಸಿ ಕೂರಿಸಿ.

ಎರಡೂ ಮೆಟ್ಟಿಲಿಗೆ ಪ್ರತಿ ಮಹಡಿಯಲ್ಲಿ ಬರೋ ಬಾಗಿಲು ಎರಡು ಗಂಟೆಯ ಫೈರ್ ಡೋರ್, ಭಾರತೀಯ ಮಾನಕ ಐಎಸ್ 3614 ಪ್ರಕಾರ ಟೆಸ್ಟ್ ಆಗಿರಬೇಕು. ತೆರೆದಾಗ ನಿವ್ವಳ 1 ಮೀ. ಅಗಲ, 2 ಮೀ. ಎತ್ತರ ಬೇಕು ಅಂದ್ರೆ ಗೋಡೆಯಲ್ಲಿ ಸುಮಾರು 1.2 ಮೀ. ಕಿಂಡಿ ಬಿಡಿಸಿ. ಬಾಗಿಲು ತೆರೆದ ಕೂಡಲೇ ಮೆಟ್ಟಿಲು ಶುರು ಆಗಬಾರದು, ಬಾಗಿಲಿನಷ್ಟಾದರೂ ಲ್ಯಾಂಡಿಂಗ್ ಇರಬೇಕು. ತೆರೆದ ರೆಕ್ಕೆ ಲ್ಯಾಂಡಿಂಗ್ ದಾರಿಯನ್ನ 900 ಮಿ.ಮೀ.ಗಿಂತ ಕಿರಿದು ಮಾಡಬಾರದು. ಇದನ್ನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ನೋಡಿಕೊಂಡೇ ಫ್ರೇಮ್ ನಿಲ್ಲಿಸಿ.

ಫ್ಲಶ್ ಡೋರಿಗೆ ತಗಡು ಬಡಿದು ಫೈರ್ ಡೋರ್ ಅಂತ ಕೊಡೋರು ಇದ್ದಾರೆ. ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಅದರಲ್ಲಿರೋ ಅಳತೆ, ಕೀಲು, ತಾನಾಗಿ ಮುಚ್ಚಿಸೋ ಕ್ಲೋಸರ್, ಬೀಗವೇ ನಿಮಗೆ ಬರುತ್ತಿದೆಯಾ ತಾಳೆ ನೋಡಿ. ಬಾಗಿಲ ಅಂಚಿನಲ್ಲಿ ಲೇಬಲ್ ಪ್ಲೇಟ್ ಇರಬೇಕು. ರೆಕ್ಕೆ-ಫ್ರೇಮ್ ನಡುವೆ ಸುತ್ತಲೂ 3 ಮಿ.ಮೀ. ಆಸುಪಾಸು ಸಂದು, ಅದರೊಳಗೆ ಬಿಸಿಗೆ ಉಬ್ಬೋ ಪಟ್ಟಿ. ಆ ಪಟ್ಟಿ ಮೇಲೆ ಪೇಂಟರ್‌ಗಳು ದಪ್ಪಗೆ ಬಣ್ಣ ಬಳಿದುಬಿಡ್ತಾರೆ, ಮುಂಚೆಯೇ ಹೇಳಿಬಿಡಿ. ಫ್ರೇಮ್-ಗೋಡೆ ನಡುವಿನ ಸಂದಿಗೆ ಸಿಮೆಂಟ್ ಗಾರೆ ಅಥವಾ ರಾಕ್‌ವೂಲ್ ತುಂಬಬೇಕು. ಹಳದಿ ಪಿಯು ಫೋಮ್ ಹಾಕಿದರೆ ಎರಡು ಗಂಟೆ ಬಾಗಿಲ ಸುತ್ತ ಕೆಲವೇ ನಿಮಿಷದಲ್ಲಿ ಸುಟ್ಟುಹೋಗೋ ಚೌಕಟ್ಟು ಕೊಟ್ಟ ಹಾಗೆ. ಆಮೇಲೆ ಡ್ರಿಲ್ ಹೊಡೆದು ಚಿಲಕ, ಮ್ಯಾಜಿಕ್ ಐ ಹಾಕೋದು ಬೇಡ.

ಕ್ಲೋಸರ್ ಬಿಗಿ ಜಾಸ್ತಿ ಆದರೆ ಮಕ್ಕಳು, ವಯಸ್ಸಾದವರು ನೂಕೋಕೆ ಆಗದೆ ಕಲ್ಲು ಇಟ್ಟು ತೆರೆದಿಡ್ತಾರೆ. ಅದಕ್ಕೇ ಬಾಗಿಲು ಪೂರ್ತಿ ಮುಚ್ಚಿ ಲಾಚ್ ಬೀಳುವಷ್ಟೇ ಬಿಗಿ ಇಟ್ಟು ಹೊಂದಿಸಿ. ಟ್ಯೂಷನ್ ಇರೋ ಮಹಡಿಗೆ ಪ್ಯಾನಿಕ್ ಬಾರ್ ಹಾಕಿಸಿ, ಮೈ ತಾಗಿದರೂ ತೆರೆಯುತ್ತೆ. ಹಿಂದಿನ ಹೊಸ ಗೋಡೆಯಲ್ಲಿ ಮೆಟ್ಟಿಲಿಗೆ ಮುಖ ಮಾಡಿ ಕಿಟಕಿ ಬೇಡ, ಅಡುಗೆಮನೆ ಎಕ್ಸಾಸ್ಟ್ ಕೂಡ ಬೇಡ. ಗೋಡೌನ್‌ಗೆ ಹಿಂಬಾಗಿಲು ಬೇಕೇ ಬೇಕು ಅಂದರೆ ಮೆಟ್ಟಿಲಿನಿಂದ ಆದಷ್ಟು ದೂರದ ತುದಿಯಲ್ಲಿ, ಅದೂ ತಾನಾಗಿ ಮುಚ್ಚೋ ಫೈರ್ ಡೋರ್. ಒದ್ದೆ ಕೊಬ್ಬರಿ ರಾಶಿಯಲ್ಲೇ ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು, ಹಾಗಾಗಿ ಬೆಂಕಿ ಹೊತ್ತೋಕೆ ಅಲ್ಲಿ ಯಾರಾದರೂ ಇರಲೇಬೇಕು ಅಂತಿಲ್ಲ.

ಅಂತರಗಂಗೆ:

ಕರೆಂಟಿನ ಕಡೆಯಿಂದ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ತೀರಿಕೊಂಡರು. ಅಲ್ಲಿ ಮಾರಕವಾದದ್ದು ಹೊಗೆ, ಅದು ಮೇಲೇರಿದ್ದು ಕೇಬಲ್ ಹಾದುಹೋಗುವ ಶಾಫ್ಟ್ ಮೂಲಕ. ನಿಮ್ಮ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನಿಂದ ಮೇಲಕ್ಕೆ ಹೋಗುವ ಪೈಪುಗಳ ಸುತ್ತಲಿನ ತೂತುಗಳೂ ಸಣ್ಣ ಶಾಫ್ಟೇ.

ಏಳೂ ಮೀಟರನ್ನು ಮುಂಭಾಗದ ಹೊರಗೋಡೆಯ ಗೂಡಿಗೆ, ಉಕ್ಕಿನ ಬಾಗಿಲಿನ ಪೆಟ್ಟಿಗೆಗೆ ಸ್ಥಳಾಂತರಿಸಿ. ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರ ಮೂಲಕ ಬೆಸ್ಕಾಂಗೆ ಅರ್ಜಿ ಹಾಕಬೇಕು. ಮೇಲಕ್ಕೆ ಹೋಗುವ ಕೇಬಲ್‌ಗೆ ಮೆಟ್ಟಿಲ ಕೋಣೆಯ ಹೊರಗೆ ಬೇರೆ ದಾರಿ ಮಾಡಿ, ಎಫ್‌ಆರ್‌ಎಲ್‌ಎಸ್ (ಬೇಗ ಉರಿಯದ, ಕಡಿಮೆ ಹೊಗೆಯ) ಕೇಬಲ್ಲೇ ಇರಲಿ. ಪ್ರತಿ ಮಹಡಿಯ ತೂತಿಗೆ ಮಿನರಲ್ ವೂಲ್ ಒತ್ತಿ ತುಂಬಿ ಮೇಲೆ ಫೈರ್ ಸೀಲೆಂಟ್. ಮುಖ್ಯ ಬೋರ್ಡಿಗೆ ಕರೆಂಟ್ ಸೋರಿದರೆ ತಾನಾಗಿ ಕಡಿಯುವ 300 ಮಿಲಿಆಂಪ್ ಆರ್‌ಸಿಸಿಬಿ, ಮನೆ-ಆಫೀಸಿನ ಒಳಗೆ 30. ಹಳೇ ಭಾಗದಲ್ಲಿ ಮರದ ಕೇಸಿಂಗ್ ವೈರಿಂಗ್ ಉಳಿದಿದ್ದರೆ ಒಂದು ಅಡಿಯನ್ನೂ ಬಿಡದೆ ತೆಗೆಸಿ. ಸ್ಕೂಟರ್ ಚಾರ್ಜಿಂಗ್ ಮತ್ತು ಇನ್ವರ್ಟರ್ ಯಾವ ಮೆಟ್ಟಿಲ ಬುಡದಲ್ಲೂ ಬೇಡ. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಮೊದಲ ನಿಮಿಷದಲ್ಲೇ ಮೆಟ್ಟಿಲು ವಿಷದ ಹೊಗೆಯಿಂದ ತುಂಬುತ್ತದೆ.

ತುರ್ತು ದೀಪ ಪ್ರತಿ ಲ್ಯಾಂಡಿಂಗ್, ಪ್ರತಿ ತಿರುವು, ಮತ್ತು ಕೊನೆಯ ಬಾಗಿಲಿನ ಹೊರಗೆ. ಬ್ಯಾಟರಿ 90 ನಿಮಿಷ ನಿಲ್ಲಬೇಕು. ಸಂದಿಗೂ ಒಂದೆರಡು ಬೇಕು, ಬಹಳಷ್ಟು ಕಡೆ ಅಲ್ಲಿ ಮರೆಯುತ್ತಾರೆ. ಕತ್ತಲಲ್ಲಿ ಹೊಳೆಯುವ ಹಸಿರು ಬೋರ್ಡು ಅಗ್ಗ, ಆದರೆ ಬೆಳಕು ಕುಡಿದಿದ್ದರೆ ಮಾತ್ರ ಹೊಳೆಯುತ್ತದೆ. ಸದಾ ದೀಪ ಆರಿಸಿಡುವ ಕಾರಿಡಾರಿನಲ್ಲಿ ಬ್ಯಾಟರಿ ದೀಪದ ಎಕ್ಸಿಟ್ ಬೋರ್ಡೇ ಸರಿ. ಅಲಾರಂಗೆ ನಾಲ್ಕು ಜೋನಿನ ಕನ್ವೆನ್ಷನಲ್ ಪ್ಯಾನೆಲ್ ಸಾಕು: ಕೆಳಗೆ, ಮೊದಲನೇ ಮಹಡಿ, ಎರಡನೇ ಮಹಡಿ, ಮೆಟ್ಟಿಲು. ಗೋಡೌನ್‌ನಲ್ಲಿ ಧೂಳಿಗೆ ಸ್ಮೋಕ್ ಡಿಟೆಕ್ಟರ್ ಸುಮ್ಮಸುಮ್ಮನೆ ಕೂಗಿ ಕೊನೆಗೆ ಯಾರೋ ವೈರ್ ಕಿತ್ತುಬಿಡುತ್ತಾರೆ, ಅಲ್ಲಿ ಹೀಟ್ ಡಿಟೆಕ್ಟರ್ ಹಾಕಿ. ಗೋಡೌನ್ ಅಲಾರಂ ಸದ್ದು ಎರಡನೇ ಮಹಡಿಯ ಮಲಗುವ ಕೋಣೆಯಲ್ಲಿ, ಬಾಗಿಲು ಮುಚ್ಚಿ ಫ್ಯಾನ್ ಹಾಕಿದಾಗಲೂ ಕೇಳಬೇಕು. 6 ಕೆಜಿಯ ಎಬಿಸಿ ಪುಡಿಯ ಬೆಂಕಿ ನಂದಕ ಯಾವುದೇ ಜಾಗದಿಂದ 15 ಮೀಟರ್ ಒಳಗೆ ಸಿಗುವಂತೆ, ಮೀಟರ್ ಗೂಡಿನ ಹತ್ತಿರ 4.5 ಕೆಜಿ ಕಾರ್ಬನ್ ಡೈಆಕ್ಸೈಡ್ ಒಂದು.

ಮಂಡಿಪೇಟೆ_ಮಾಳಿಗೆ:

ಮನೆಯಲ್ಲಿ ಓದಿ ಹೇಳಿದೆ, ಹಿಂದಿನ ಅಂಕಣ ಬಿಡೋಕೆ ಒಪ್ಪಿದ್ದಾರೆ. ಬಾಡಿಗೆಯವರು ಒಳಗಿರುವಾಗ ಯಾವ ಸರದಿಯಲ್ಲಿ ಮಾಡೋದು? ಮುಂದಿನ 3 ಅಡಿ ಮೆಟ್ಟಿಲು ಯಾವಾಗ ಅಗಲ ಮಾಡೋದು?

ಸಿದ್ಧರಬೆಟ್ಟ:

ಈ ವಾರ: ಗೇಟು ಬದಲಿಸೋದು, ಮೆಟ್ಟಿಲ ಬುಡದ ಸ್ಕೂಟರ್, ಬ್ಯಾಟರಿ ತೆಗೆಸೋದು, ಟ್ಯೂಷನ್ ನಿಲ್ಲಿಸೋದು ಅಥವಾ ಬೇರೆ ಕಡೆ ಕಳಿಸೋದು. ಇದಕ್ಕೆ ಒಂದು ಇಟ್ಟಿಗೆಯನ್ನೂ ಮುಟ್ಟಬೇಕಾಗಿಲ್ಲ. ಮೀಟರ್ ಅರ್ಜಿ ಇದರ ಜೊತೆಗೇ ಹಾಕಿಬಿಡಿ, ಅದು ತನ್ನ ಸಮಯ ತಗೊಳ್ಳುತ್ತೆ.

ಆಮೇಲೆ ಗೋಡೌನ್ ಖಾಲಿ ಮಾಡಿಸಿ. ಹಿಂದಿನ ಅಂಕಣ ಕೆಲಸ ಮುಗಿಯೋವರೆಗೆ ಹಿಂದಿನ ಮನೆ ಮತ್ತು ಆಫೀಸನ್ನೂ ತಾತ್ಕಾಲಿಕವಾಗಿ ಖಾಲಿ ಮಾಡಿಸಲೇಬೇಕು, ತಲೆ ಮೇಲೆ 400 ಕೆಜಿ ಕಲ್ಲು ತೂಗಾಡುವಾಗ ಕೆಳಗೆ ಮನುಷ್ಯರು ಇರೋ ಹಾಗಿಲ್ಲ. ಮುಂದಿನ ಮನೆ, ಅಂಗಡಿ ನಡೀತಾ ಇರಲಿ. ವೆಲ್ಡಿಂಗ್, ಕಟಿಂಗ್ ಆದಷ್ಟು ಅಂಗಳದಲ್ಲಿ ಮಾಡಿಸಿ ಬೋಲ್ಟ್ ಹಾಕಿ ಜೋಡಿಸಿ. ಒಳಗೆ ಮಾಡಲೇಬೇಕಾದರೆ ಸುತ್ತ ಹತ್ತು ಮೀಟರ್ ಚೀಲ, ಸಿಪ್ಪೆ, ಹೊಟ್ಟು ಇರಬಾರದು, ಕೆಲಸ ನಿಂತ ಮೇಲೂ ಒಬ್ಬರು ನಂದಕ ಹಿಡಿದು ಒಂದು ಗಂಟೆ ಅಲ್ಲೇ ಕೂರಬೇಕು. ಚಪ್ಪಡಿ ಸಂದಿಗೆ ಬಿದ್ದ ಕಿಡಿ ಬಹಳ ಹೊತ್ತು ಒಳಗೇ ಕನಲುತ್ತೆ.

ಹಿಂದಿನ ಮೆಟ್ಟಿಲು, ಕಾರಿಡಾರ್, ಫೈರ್ ಡೋರ್ ಮೂರೂ ಆಗಿ, ಸಂದಿ ಖಾಲಿ ಆದ ಮೇಲೆ ಮಾತ್ರ ಮುಂದಿನ ಮೆಟ್ಟಿಲು ಮುಟ್ಟಿ. ಅದನ್ನ ಒಂದು ಮಂಡಿಯಿಂದ 2 ಅಡಿಗೂ ಸ್ವಲ್ಪ ಜಾಸ್ತಿ ತಗೊಂಡು, ರೇಲಿಂಗ್‌ಗಳ ಮಧ್ಯೆ ನಿವ್ವಳ 1.5 ಮೀ. ಬರೋ ಹಾಗೆ ಹೊಸದಾಗಿ ಆರ್‌ಸಿಸಿಯಲ್ಲಿ ಕಟ್ಟಿ. ಒಳ ಮೆಟ್ಟಿಲಿಗೆ ಟ್ರೆಡ್ 300, ರೈಸರ್ 150 ಮಿ.ಮೀ., ಒಂದು ಓಟಕ್ಕೆ 12ಕ್ಕಿಂತ ಹೆಚ್ಚು ರೈಸರ್ ಬೇಡ. 12 ಅಡಿಗೆ 25 ರೈಸರ್ ಬರುತ್ತೆ, ಅಂದರೆ ಮೂರು ಓಟ. ಉದ್ದ ಜಾಸ್ತಿ ಬೇಕು, ಈಗಲೇ ನಕ್ಷೆಯಲ್ಲಿ ಜಾಗ ಇಟ್ಟುಕೊಳ್ಳಿ.

ಜಯಮಂಗಲಿ:

ಒಂದು ಸೇರಿಸುತ್ತೇನೆ. ಮುಂದಿನದು ಒಳ ಮೆಟ್ಟಿಲಾದ್ದರಿಂದ ಲ್ಯಾಂಡಿಂಗ್‌ಗಳಲ್ಲಿ ಬೀದಿ ಕಡೆಗೆ ತೆರೆಯುವ ಕಿಟಕಿ, ತುತ್ತತುದಿಯಲ್ಲಿ ಮೆಟ್ಟಿಲ ಕೋಣೆಯ ವಿಸ್ತೀರ್ಣದ ಶೇ. 5ರಷ್ಟು ಸದಾ ತೆರೆದ ಹೊಗೆಕಿಂಡಿ ಕೊಡಿ.

ಎಲ್ಲ ಮುಗಿದ ಮೇಲೆ ಒಂದು ರಾತ್ರಿ ಮೇನ್ ಸ್ವಿಚ್ ಆರಿಸಿ, ಮುಂದಿನ ಮೆಟ್ಟಿಲಿಗೆ ಹಗ್ಗ ಕಟ್ಟಿ, ಎರಡನೇ ಮಹಡಿಯ ಮುಂದಿನ ಮನೆಯವರನ್ನು ಮೊಬೈಲ್ ಟಾರ್ಚ್ ಇಲ್ಲದೆ ಹಿಂದಿನ ದಾರಿಯಲ್ಲಿ ಅಡ್ಡರಸ್ತೆಯವರೆಗೆ ನಡೆಸಿ. ಬೇರೊಂದು ದಿನ ಹಿಂದಿನದನ್ನು ಮುಚ್ಚಿ ಮುಂದಿನದರಲ್ಲಿ. ಎಲ್ಲಿ ಕೈ ಚಾಚಿ ತಡಕಿದರು, ಯಾವ ಬಾಗಿಲಿಗೆ ಎರಡು ಸಲ ನೂಕಬೇಕಾಯಿತು, ಯಾವ ದೀಪ ಹತ್ತಲಿಲ್ಲ, ಎಲ್ಲವನ್ನೂ ಬರೆದುಕೊಂಡು ಅದೇ ಪಟ್ಟಿಯನ್ನು ಕಂಟ್ರಾಕ್ಟರ್ ಕೈಗೆ ಕೊಡಿ. ಕೊನೇ ಕಂತಿನ ಹಣ ಅದರ ನಂತರ.